ಬಚ್ಚಲಮನೆಗೆ ಬಂದ ಬೆಳಕಿನ ಹುಡುಗಿ

ಬಾಗಿಲು ತೆರೆದವನನ್ನು ಕಂಡು ಅವಳು ಬೆಚ್ಚಿ ಹಿಂದೆ ಸರಿದಳು.

ಅರ್ಧ ಮುಖದ ತುಂಬ ನೊರೆ, ಇನ್ನರ್ಧ ಮುಖದಲ್ಲಿ ರಕ್ತ!

"ಅಯ್ಯೋ, ಏನಾಯ್ತು ರೀ? ನಾಯಿಗೀಯಿ ಕಚ್ಚಿತಾ?"

"ನಾಯಿಗಳು ನನ್ನ ಕಚ್ಚಲ್ಲ ಮೇಡಂ, ನಾನು ಅವುಗಳ ಡಾಕ್ಟ್ರು. ಇದು ಬ್ಲೇಡಿನ ಕೆಲಸ. ಅದಕ್ಕೇ ನಿಮ್ಮ ದೀಪದಂಗಡಿಗೆ ಫೋನ್ ಮಾಡಿದ್ದು... ಒಳಗೆ ಬನ್ನಿ."

ಯಾವ ಮನೆಯ ಯಾವ ಮೂಲೆಗೆ ಎಂಥ ದೀಪ ಬೇಕೆಂದು ನೋಡಿ, ನಕ್ಷೆ ಬರೆದುಕೊಡುವುದು ಅವಳ ಕೆಲಸ. ಬಚ್ಚಲಮನೆಗೆ ಕಾಲಿಟ್ಟೊಡನೆ ರೋಗ ಗೊತ್ತಾಯಿತು. ಚಾವಣಿಯ ನಡುವೆ ಒಂದೇ ಒಂದು ಬಲ್ಬು. ಕನ್ನಡಿಯೆದುರು ನಿಂತವರ ಬೆನ್ನಿಗೆಲ್ಲ ಬೆಳಕು, ಮುಖಕ್ಕೆಲ್ಲ ನೆರಳು.

"ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ."

ಬ್ಯಾಗಿನಿಂದ ಎರಡು ಟಾರ್ಚ್ ತೆಗೆದಳು. ಅವನ ಹಿಂದೆ ನಿಂತು, ಎರಡೂ ಕೈ ಚಾಚಿ, ಮುಖದ ಆ ಕಡೆಗೊಂದು ಈ ಕಡೆಗೊಂದು ಹಿಡಿದಳು. ಗಲ್ಲದ ಗಾಯ, ಕಣ್ಣಂಚಿನ ನಗು ಎಲ್ಲ ಒಮ್ಮೆಲೇ ಬೆಳಗಿದವು.

"ಕಾಣ್ತಿದೆಯಾ?"

"ಚೆನ್ನಾಗಿ ಕಾಣ್ತಿದೆ..."

ಕನ್ನಡಿಯಲ್ಲಿ ಅವನು ನೋಡುತ್ತಿದ್ದುದು ತನ್ನ ಗಲ್ಲವನ್ನಲ್ಲ, ಭುಜದಾಚೆ ಇಣುಕಿದ್ದ ಅವಳ ಮುಖವನ್ನು!

ಒಂದು ಟಾರ್ಚು ಕೈಜಾರಿ ಬೇಸಿನ್ನಿಗೆ ಬಿತ್ತು. ಇಬ್ಬರೂ ಒಟ್ಟಿಗೇ ಅದಕ್ಕೆ ಕೈಹಾಕಿ, ತಲೆಗೆ ತಲೆ ಡಿಕ್ಕಿ ಹೊಡೆದು, ನಕ್ಕುಬಿಟ್ಟರು.

ಅಲ್ಲಿಂದ ಶುರುವಾಯಿತು ಅವನ ಫೋನುಗಳ ಸುರಿಮಳೆ! ಸ್ನಾನದ ಜಾಗದ ದೀಪಕ್ಕೆ ನೀರು ಬಿದ್ದರೆ? ಹೊಳೆಯುವ ಟೈಲ್ಸ್ ಕಣ್ಣಿಗೆ ಹೊಡೆದರೆ? ಒಂದೊಂದು ಪ್ರಶ್ನೆಯೂ ದೀಪದಿಂದ ಹೊರಟು, ಕಾಲು ಮುರಿದ ಬೆಕ್ಕಿನ ಕಥೆ ಸುತ್ತಿ, "ಊಟ ಆಯ್ತಾ?"ಗೆ ಬಂದು ನಿಲ್ಲುತ್ತಿತ್ತು.

'ಇದೇನು ನನಗೆ... ಫೋನ್ ಬರದಿದ್ದರೆ ಕೆಲಸವೇ ಓಡುವುದಿಲ್ಲವಲ್ಲ!'

ಆದರೆ ನಕ್ಷೆ ಮುಗಿಯುವ ಹೊತ್ತಿಗೆ ಅವನೊಂದು ಮಾತು ಹೇಳಿದ.

"ಕನ್ನಡಿ ಪಕ್ಕದ ದೀಪ ಸ್ವಲ್ಪ ಕೆಳಗಿರ್ಲಿ ಮೇಡಂ. ಅವಳು ನಿಮ್ಮ ಭುಜದಷ್ಟು ಎತ್ತರ ಅಷ್ಟೇ. ಜೋರು ಬೆಳಕು ಅವಳಿಗೆ ಆಗಲ್ಲ. ಬರೋಷ್ಟರಲ್ಲಿ ಎಲ್ಲಾ ರೆಡಿ ಇರ್ಬೇಕು."

ಅವಳು ನಕ್ಷೆಯಿಂದ ತಲೆಯೆತ್ತಿದಳು. "ಯಾರು?"

"ನನ್ನ ಮಹಾರಾಣಿ!" ಎಂದವನ ಮುಖ ಅರಳಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಓಡಿಯೇಬಿಟ್ಟ.

ಅವಳು ಅಳತೆಪಟ್ಟಿ ಸುತ್ತಿ ಬ್ಯಾಗಿಗೆ ಹಾಕಿದಳು. ಬೇರೆ ಯಾರಿಗಾದರೂ ಈ ಕೆಲಸ ಒಪ್ಪಿಸಿಬಿಡಲೇ? ಬೇಡ... ಕಾಣದ ಆ ಹೆಣ್ಣು ಏನು ತಪ್ಪು ಮಾಡಿದ್ದಾಳೆ?

ಕಣ್ಣೊರೆಸಿಕೊಂಡು ಮತ್ತೆ ಅಳತೆ ಹಿಡಿದಳು. ಕನ್ನಡಿಯ ಎರಡೂ ಬದಿಗೆ ಹಾಲುಗಾಜಿನ ಮೆದು ದೀಪ. ಬಾಗಿಲಿಂದ ಕಮೋಡಿನವರೆಗೆ ನೆಲದಂಚಿಗೆ ಸಣ್ಣ ಬೆಳಕು. ಸ್ವಿಚ್ಚು ಬಾಗಿಲಾಚೆ, ಕೈಗೆಟುಕುವಂತೆ. ಅವನ ಫೋನಿಗೆ ಮಾತ್ರ ಉತ್ತರ ಕೊಡಲಿಲ್ಲ.

ಕೆಲಸ ಒಪ್ಪಿಸುವ ದಿನ ಬಂತು. ದೀಪಗಳನ್ನೆಲ್ಲ ಹಚ್ಚಿ ನೋಡಿ, ಅವನತ್ತ ತಿರುಗದೆಯೇ, "ನಾನಿನ್ನು ಬರ್ತೀನಿ," ಎಂದಳು.

"ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ. ನಿಮಗೆ ಒಳ್ಳೇದಾಗ್ಲಿ... ಇಬ್ಬರಿಗೂ."

"ಇಬ್ಬರಿಗೂ?!"

ಬಾಗಿಲ ಬಳಿ ಆಟೋ ನಿಂತ ಸದ್ದು. ಊರುಗೋಲು ಕುಟ್ಟುತ್ತ, ಕಪ್ಪು ಕನ್ನಡಕ ತೊಟ್ಟ ಪುಟ್ಟ ಅಜ್ಜಿಯೊಬ್ಬಳು ಒಳಬಂದಳು.

"ಎಲ್ಲೋ ನನ್ನ ಅರಮನೆ?"

"ಬಂದ್ಲು ನೋಡಿ ನಮ್ಮ ಮಹಾರಾಣಿ! ನಮ್ಮಜ್ಜಿ. ಕಣ್ಣಿನ ಆಪರೇಷನ್ ಆಗಿದೆ, ಇನ್ಮೇಲೆ ನನ್ನ ಜೊತೇನೇ ಇರ್ತಾಳೆ."

ಅಜ್ಜಿ! ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಜ್ಜಿ ಸೀದಾ ಬಚ್ಚಲಮನೆಗೆ ಹೋಗಿ ಕನ್ನಡಕ ತೆಗೆದಳು. ಆ ಮೆದು ಬೆಳಕಿಗೆ ಕಣ್ಣು ಕಿರಿದಾಗಲಿಲ್ಲ. ಕನ್ನಡಿಯನ್ನೇ ದಿಟ್ಟಿಸಿ ಚೀರಿದಳು, "ಅಯ್ಯಯ್ಯೋ! ಇಷ್ಟೊಂದು ಸುಕ್ಕು ಯಾವಾಗ ಬಂತೋ ನಂಗೆ?"

ಮೊಮ್ಮಗ ಹೊಟ್ಟೆ ಹುಣ್ಣಾಗುವಂತೆ ನಕ್ಕ.

"ನಗ್ತೀಯೇನೋ? ಫೋನ್ ಮಾಡಿದಾಗೆಲ್ಲ ಬೆಳಕಿನ ಹುಡುಗಿ, ಬೆಳಕಿನ ಹುಡುಗಿ ಅಂತ ನನ್ನ ತಲೆ ತಿಂತಿದ್ಯಲ್ಲ... ಇವಳೇನಾ?"

ಅವನ ನಗು ಪಟ್ಟನೆ ನಿಂತಿತು. ಕಿವಿ ಕೆಂಪಾದವು.

"ಅಜ್ಜೀ..."

"ನಂಗೇನೂ ಕೇಳಿಸಲ್ಲಪ್ಪ," ಎಂದು ಅಜ್ಜಿ ಬಾಗಿಲು ಹಾಕಿಕೊಂಡಳು.

ಹಜಾರದಲ್ಲಿ ಇಬ್ಬರೇ.

"ನಾನು... ಮದುವೆ ಹುಡುಗಿ ಬರ್ತಿದಾಳೆ ಅಂದ್ಕೊಂಡೆ," ಎಂದಳು ತಲೆತಗ್ಗಿಸಿ.

"ಅಂಥಾ ಹುಡುಗಿ ಇದ್ದಿದ್ರೆ, ಅವಳಿಗೋಸ್ಕರ ಇಷ್ಟು ಚೆನ್ನಾಗಿ ಮಾಡ್ತಿದ್ರಾ?"

"ಮಾಡಿದ್ದೀನಲ್ಲ... ಅತ್ಕೊಂಡೇ ಮಾಡಿದ್ದು."

ಅವನ ಕಣ್ಣು ತುಂಬಿಬಂತು. ಹತ್ತಿರ ಬಂದು, ಮೆಲ್ಲಗೆ ಅವಳ ಕೈ ಹಿಡಿದ.

"ನಂಗೆ ನೀವು ಬೇಕು. ಹೇಳೋಕೆ ಧೈರ್ಯ ಸಾಲ್ದೆ ಟೈಲ್ಸು, ಬಲ್ಬು ಅಂತಿದ್ದೆ. ಈಗ ಕೆಲಸ ಮುಗೀತು... ಇನ್ನೇನು ನೆಪ ಹೇಳಿ ಕರೀಲಿ?"

"ನೆಪ ಯಾಕೆ? ಬಾ ಅಂದ್ರೆ ಸಾಕು."

"ಬನ್ನಿ."

"ಬನ್ನಿ ಅಲ್ಲ!"

ಅವನು ಉಸಿರೆಳೆದುಕೊಂಡ. "ಬಾ..."

"ಬಂದೆ," ಎಂದಳು ಅವಳು, ಅವನೆದೆಗೆ ಹಣೆಯಿಟ್ಟು.