ಕೆಚ್ಚಲಿನ ಮುಲಾಮು

ಇಂಗುನ್ ಬೆಟ್ಟದ ಮೇಲಿನ ಕಾಫಿ ಮನೆಯಲ್ಲಿ ಕಾಫಿ ಮುಗಿಸಿ ಹೊರಗೆ ಬಂದಾಗ ಗೋಡೆಯ ಪಕ್ಕ ಮಗುವಿರಲಿಲ್ಲ. ಮಗು ಮಲಗಿದ್ದ, ಹಿಮದ ಮೇಲೆ ಎಳೆಯುವ ಜಾರುಬಂಡಿಯೂ ಇರಲಿಲ್ಲ.

ಅವಳು ಮೊದಲು ಕಿರುಚಲಿಲ್ಲ. ಅಲ್ಲಿದ್ದ ಬಂಡಿಗಳ ಹೊದಿಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರಲ್ಲಿ ಸೌದೆ. ಇನ್ನೊಂದರಲ್ಲಿ ಬ್ರೆಡ್ಡು, ಕಿತ್ತಳೆಹಣ್ಣು. ಎಲ್ಲವೂ ಕೆಂಪು ಬಂಡಿಗಳೇ, ಎಲ್ಲಕ್ಕೂ ಅದೇ ಬಟ್ಟೆಯ ಹೊದಿಕೆ. ಕೊನೆಯದನ್ನೂ ನೋಡಿದ ಮೇಲೆ ಜೋರಾಗಿ ಅತ್ತುಬಿಟ್ಟಳು.

ಕಾಫಿ ಮನೆಯ ಮುಂಬಾಗಿಲ ಬೆಂಚಿನ ಮೇಲೆ ಟೂರಿಡ್ ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತಿದ್ದಳು. ಅವಳು ಬರ್ಗೆನ್ ನಗರದ ಪೊಲೀಸ್ ಇನ್‌ಸ್ಪೆಕ್ಟರ್. ಆ ಊರಲ್ಲಿ ಅಕ್ಟೋಬರಿನಿಂದ ಬರೀ ಮಳೆ, ಕತ್ತಲೆ, ಮತ್ತೆ ಮಳೆ. ಈ ಒಂದು ವಾರದ ಸ್ಕೀ ರಜೆಗಾಗಿ ಜೀವ ಹಿಡಿದುಕೊಂಡಿದ್ದಳು. ರಜೆ ಮುಗಿಯುವವರೆಗೂ ಪೊಲೀಸ್ ಆಗಿರುವುದಿಲ್ಲ ಎಂದು ಗಂಡ ಔದುನ್‌ಗೆ ಮಾತನ್ನೂ ಕೊಟ್ಟಿದ್ದಳು.

ಗೋಡೆಯ ಆಚೆ ಬದಿಯಿಂದ ಹೆಂಗಸಿನ ಅಳು ಕೇಳಿತು. ಟೂರಿಡ್ ಎದ್ದಳು.

"ಹೋಗು ಮಾರಾಯ್ತಿ," ಎಂದ ಪಕ್ಕದಲ್ಲಿ ಕೂತಿದ್ದ ಔದುನ್. "ಇಲ್ಲಿ ಕೂತರೂ ನಿನ್ನ ಕಿವಿ ಅಲ್ಲೇ ಇರುತ್ತೆ."

* * *

"ಅವನೇ ತಗೊಂಡು ಹೋಗಿದಾನೆ," ಎಂದಳು ಇಂಗುನ್. "ಎಸ್ಪೆನ್. ನನ್ನ ಗಂಡ ಆಗಿದ್ದೋನು. ಈ ವಾರ ಮಗು ತನ್ನ ಹತ್ರ ಇರಬೇಕು ಅಂತ ನಿನ್ನೆ ಫೋನಲ್ಲಿ ಜಗಳ ಆಡಿದ್ದ."

"ಮಗುಗೆ ಎಷ್ಟು ತಿಂಗಳು?"

"ಎಂಟು. ಮಾಗ್ನೆ ಅಂತ. ಹೊರಗಿನ ಗಾಳೀಲಿ ಚೆನ್ನಾಗಿ ನಿದ್ದೆ ಮಾಡ್ತಾನೆ ಅಂತ..." ಈ ನಾಡಿನಲ್ಲಿ ಚಳಿಗಾಲದಲ್ಲೂ ಕೂಸುಗಳು ಹಗಲು ಮಲಗುವುದೇ ಹೊರಗೆ. ಒಳಗೆ ಮಲಗಿಸಿದರೆ ಅಜ್ಜಿಯರು ಬೈಯುತ್ತಾರೆ.

ಕಾಫಿ ಮನೆಯಾಕೆ ಇನ್ನೊಂದು ಸುದ್ದಿ ಹೇಳಿದಳು. ಈ ಚಳಿಗಾಲದಲ್ಲಿ ಇದೇ ಗೋಡೆಯ ಪಕ್ಕದಿಂದ ಮೂರು ಬಂಡಿ ಮಾಯವಾಗಿದ್ದವು. ಮೂರರಲ್ಲೂ ರಜೆಗೆ ಬಂದವರ ತಿಂಡಿ ತಿನಿಸು ಇತ್ತಂತೆ.

ಟೂರಿಡ್ ಸುತ್ತ ನೋಡಿದಳು. ಸ್ಕೀ ದಾರಿಗಳೆಲ್ಲ ಬೆಳಗಿನಿಂದ ಜನ ಓಡಾಡಿ ಕದಡಿಹೋಗಿದ್ದವು. ಪಡುವಣದ ದಾರಿಯೊಂದೇ ಈಗತಾನೇ ಸಾರಿಸಿಟ್ಟ ಅಂಗಳದಂತೆ ನುಣ್ಣಗಿತ್ತು. ಏನೋ ಮನಸ್ಸಿಗೆ ಚುಚ್ಚಿತು. ಯೋಚಿಸಲು ಪುರುಸೊತ್ತಿರಲಿಲ್ಲ. ಬೆಟ್ಟದ ಮೇಲೆ ಗಾಳಿ ಏಳುತ್ತಿತ್ತು. ಕಣಿವೆಯ ಪೊಲೀಸರು ಬರುವುದರೊಳಗೆ ಕೂಸು ಮರಗಟ್ಟಿಹೋಗಬಹುದಿತ್ತು.

ಔದುನ್ ಮತ್ತು ಹತ್ತಾರು ಜನ ಸ್ಕೀ ಕಟ್ಟಿಕೊಂಡು ಹುಡುಕಲು ಹೊರಟರು. ಟೂರಿಡ್ ಕಾರು ನಿಲ್ಲಿಸುವ ಜಾಗಕ್ಕೆ ಓಡಿದಳು. ಎಸ್ಪೆನ್ ಅಲ್ಲೇ ಇದ್ದ. ಕೈಯಲ್ಲಿ ಪುಟ್ಟ ಉಣ್ಣೆ ಟೋಪಿ.

"ಮಗು ಎಲ್ಲಿ?"

"ಎಲ್ಲಿ ಅಂದ್ರೆ? ಅವನಮ್ಮನ ಹತ್ರ. ಟೋಪಿ ನನ್ನ ಮನೇಲಿ ಮರೆತು ಬಂದಿದ್ಲು, ಕೊಟ್ಟು ಹೋಗೋಣ ಅಂತ ಬಂದೆ." ಅವನ ಮುಖ ನೋಡುನೋಡುತ್ತಲೇ ಬಿಳಿಚಿತು. "ಏನಾಯ್ತು ಹೇಳ್ರೀ."

ಅವನ ಕಾಲಲ್ಲಿ ಆಫೀಸಿನ ಬೂಟು, ಒಂಚೂರೂ ಒದ್ದೆಯಾಗಿರಲಿಲ್ಲ. ಕಾರಿನಲ್ಲಿ ಸ್ಕೀ ಇರಲಿಲ್ಲ. ಆ ಬೂಟಿನಲ್ಲಿ ಮೊಣಕಾಲುದ್ದದ ಹಿಮದಲ್ಲಿ ಬಂಡಿ ಎಳೆಯುವುದು ಆಗದ ಮಾತು. ಟೂರಿಡ್ ಅವನ ತೋಳು ಹಿಡಿದು ಇಂಗುನ್ ಬಳಿಗೆ ಕರೆದುಕೊಂಡು ಹೋದಳು. ಅವರಿಬ್ಬರೂ ಜಗಳವಾಡಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತರು.

* * *

ಗಾಳಿ ಜೋರಾದ ಹೊತ್ತಿಗೆ ಹಿಮದ ಮೇಲೆ ಓಡುವ ಸ್ಕೂಟರಿನ ಸದ್ದು ಕೇಳಿತು. ಬಂದವನು ಹಾಲ್ವೊರ್. ಇದೇ ಬೆಟ್ಟದವನು. ದಿನಾ ನಸುಕಿನಲ್ಲಿ ಯಂತ್ರ ಓಡಿಸಿ ಸ್ಕೀ ದಾರಿ ಹಸನು ಮಾಡುವವನು, ಕರೆದರೆ ರಜೆಗೆ ಬಂದವರ ಮರದ ಮನೆಗಳಿಗೆ ಸಾಮಾನು ಎಳೆದುಕೊಡುವವನು. ಸ್ಕೂಟರಿನ ಹಿಂದೆ ಕೆಂಪು ಬಂಡಿ ಇತ್ತು. ಒಳಗಿನಿಂದ ಅಳು ಬರುತ್ತಿತ್ತು.

ಇಷ್ಟು ಚಂದದ ಅಳುವನ್ನು ಟೂರಿಡ್ ಜನ್ಮದಲ್ಲಿ ಕೇಳಿರಲಿಲ್ಲ.

ಇಂಗುನ್ ಮಗುವನ್ನು ಅಪ್ಪಿ ನೆಲದ ಮೇಲೇ ಕೂತುಬಿಟ್ಟಳು. ಎಸ್ಪೆನ್ ಹಾಲ್ವೊರ್‌ನ ಕೈ ಹಿಡಿದು ಅತ್ತ. ಹುಡುಕಿ ವಾಪಸಾದ ಔದುನ್ ಮತ್ತು ಉಳಿದವರು ಅವನ ಬೆನ್ನು ತಟ್ಟಿದರು.

"ಹಳೇ ದನದ ಕೊಟ್ಟಿಗೆ ಹಿಂದೆ ಅಳು ಕೇಳಿಸ್ತು," ಎಂದ ಹಾಲ್ವೊರ್ ತಲೆ ತಗ್ಗಿಸಿ. "ಹೊದಿಕೆ ಕೂಡ ಎತ್ತಲಿಲ್ಲ. ಕಟ್ಕೊಂಡು ಒಂದೇ ಉಸಿರಿಗೆ ಬಂದ್ಬಿಟ್ಟೆ."

ಒಳಗೆ ಒಲೆಯ ಪಕ್ಕ ಇಂಗುನ್ ಮಗುವಿನ ಕೆನ್ನೆ ಮುಟ್ಟಿದಳು. "ಇದೇನು ಜಿಡ್ಡು? ನಾನೇನೂ ಹಚ್ಚಿರಲಿಲ್ಲ. ಬೆಳಿಗ್ಗೆ ಗಾಳಿನೇ ಇರಲಿಲ್ಲ."

ಟೂರಿಡ್ ಬಗ್ಗಿ ಮೂಸಿದಳು. ಔಷಧಿ ಅಂಗಡಿಯ ಸುವಾಸನೆಯ ಕ್ರೀಮಲ್ಲ. ತನ್ನಜ್ಜಿಯ ದನದ ಹಟ್ಟಿಯ ವಾಸನೆ. ಹಸುವಿನ ಕೆಚ್ಚಲು ಒಡೆಯದಂತೆ ಹಚ್ಚುವ ಮುಲಾಮು. ಬೆಟ್ಟದ ರೈತರು ಚಳಿಗಾಳಿಗೆ ಒಡೆಯದಿರಲೆಂದು ಅದನ್ನೇ ಮಕ್ಕಳ ಮುಖಕ್ಕೂ ಬಳಿಯುತ್ತಾರೆ.

ಅವಳು ಹಾಲ್ವೊರ್‌ನ ಎದುರು ಕಾಫಿ ಇಟ್ಟುಕೊಂಡು ಕೂತಳು. "ಈ ಗಾಳಿಗೆ ತುಟಿ ಒಡೆದುಹೋಯ್ತು. ಹಚ್ಚೋಕೆ ಏನಾದ್ರೂ ಇದೆಯಾ ನಿಮ್ಮ ಹತ್ರ?"

ಯಾರು ಏನು ಕೇಳಿದರೂ ಇಲ್ಲವೆನ್ನದ ಆಸಾಮಿ ಅವನು. ಜೇಬಿನಿಂದ ಡಬ್ಬಿ ತೆಗೆದು ಮುಂದಿಟ್ಟ. ಮುಚ್ಚಳದ ಮೇಲೆ ಹಸುವಿನ ಚಿತ್ರವಿತ್ತು.

ಇಟ್ಟ ಕೈ ಅಲ್ಲೇ ನಿಂತಿತು.

"ಹೊದಿಕೆ ಎತ್ತಲಿಲ್ಲ ಅಂದ್ರಿ," ಎಂದಳು ಟೂರಿಡ್ ಮೆಲ್ಲಗೆ. "ಕೆನ್ನೆ ತುಂಬ ಇದೇ ಮುಲಾಮು. ನೀವು ದಾರಿ ಹಸನು ಮಾಡೋದು ನಸುಕಿನಲ್ಲಿ. ಇವತ್ತು ಪಡುವಣದ ದಾರಿಗೆ ಮಾತ್ರ ಹೊತ್ತೇರಿದ ಮೇಲೆ ಯಂತ್ರ ಓಡಿದೆ. ಬಂಡಿಯ ಜಾಡು ಅಳಿಸೋಕೆ. ಸಾಮಾನು ಎಳೆಯೋರು ನೀವೇ, ಹಾಗಾಗಿ ಬಂಡಿ ಎಳ್ಕೊಂಡು ಹೋದ್ರೂ ಯಾರೂ ತಿರುಗಿ ನೋಡಲ್ಲ."

ಹಾಲ್ವೊರ್ ದೊಡ್ಡದಾಗಿ ಉಸಿರು ಬಿಟ್ಟ. ಹೊರೆ ಇಳಿಸಿದವನ ಉಸಿರು.

"ಬಂಡೀಲಿ ಒಣಗಿಸಿದ ಕುರಿತೊಡೆ ಇರುತ್ತೆ ಅಂದ್ಕೊಂಡಿದ್ದೆ. ಹೊದಿಕೆ ಎತ್ತಿದ್ರೆ ಎರಡು ಕಣ್ಣು ನನ್ನನ್ನೇ ನೋಡ್ತಾ ಇದ್ವು. ಕೈಕಾಲು ಆಡಲಿಲ್ಲ. ವಾಪಸ್ ತಂದ್ರೆ ಸಿಕ್ಕಿಬೀಳ್ತೀನಿ. ಬಿಟ್ಟುಹೋಗೋಣ ಅಂದ್ರೆ ಗಾಳಿ. ಕೆನ್ನೆ ಕೆಂಪಗಾಗ್ತಿತ್ತು, ಹಚ್ಚಿದೆ."

"ಕದಿಯೋ ಗತಿ ಏನು ಬಂದಿತ್ತು?"

"ಹೊಟ್ಟೆಗಿಲ್ಲದೆ ಅಲ್ಲಮ್ಮ, ಹೊಟ್ಟೆಕಿಚ್ಚಿಗೆ. ಚಳಿಗಾಲ ಬೇಜಾರು ಅಂತ ನೀವು ಒಂದು ವಾರ ಇಲ್ಲಿಗೆ ಬರ್ತೀರಿ. ಹಸು ಮಾರಿದ ಮೇಲೆ ನನಗೆ ಇಡೀ ಚಳಿಗಾಲ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ನಾನೆಲ್ಲಿಗೆ ಹೋಗಲಿ?"

ಎಸ್ಪೆನ್ ಮುಷ್ಟಿ ಬಿಗಿದು ಎದ್ದ. ಇಂಗುನ್ ಅವನ ಅಂಗಿ ಹಿಡಿದು ಕೂರಿಸಿದಳು.

"ತುಂಬಾ ಅತ್ತನಾ?" ಎಂದು ಹಾಲ್ವೊರ್‌ನನ್ನು ಕೇಳಿದಳು.

"ಅತ್ತ. ಹಾಡು ಹೇಳಿದೆ. ನಂಗೆ ಬರೋದು ಒಂದೇ, ಮೇಯೋಕೆ ಹೋದ ಹಸುಗಳನ್ನ ಕೂಗೋ ಹಾಡು."

ಅವನು ತಗ್ಗಿದ ದನಿಯಲ್ಲಿ ಒಂದೆಳೆ ಹೇಳಿದ. ಔದುನ್ ಬಾಗಿ ನೋಡಿದರೂ, ಟೂರಿಡ್ ಮುಟ್ಟಿದರೂ ರಚ್ಚೆ ಹಿಡಿದಿದ್ದ ಮಾಗ್ನೆ ಥಟ್ಟನೆ ಸುಮ್ಮನಾಗಿ ಅವನ ಕಡೆ ತಿರುಗಿದ. ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಹಾಲ್ವೊರ್ ಕೈಯಿಂದ ಮುಖ ಮುಚ್ಚಿಕೊಂಡ.

"ಪೊಲೀಸರು ಬರ್ತಿದಾರೆ," ಎಂದಳು ಟೂರಿಡ್. "ಮೂರು ಬಂಡಿ ವಿಷಯ, ಇದರ ವಿಷಯ, ಎಲ್ಲಾ ನೀವೇ ಹೇಳಿ. ಮಗುನ ವಾಪಸ್ ತಂದಿದ್ದನ್ನ ನಾನು ಹೇಳ್ತೀನಿ."

ಅವನು ತಲೆಯಾಡಿಸಿ ಡಬ್ಬಿಗೆ ಕೈ ಚಾಚಿದ. ಇಂಗುನ್ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ಇಲ್ಲೇ ಇರಲಿ," ಎಂದಳು. ಬೆರಳಿಗೆ ಒಂದಿಷ್ಟು ತೆಗೆದುಕೊಂಡು ಮಗನ ಕೆನ್ನೆಗೆ ಹಚ್ಚತೊಡಗಿದಳು. "ಹೊರಗೆ ಇನ್ನೂ ಗಾಳಿ ಇದೆ."