ಭಂಡಾರದೊಳಗಿನ ಮಾಣಿಕ

“ಭಂಡಾರದಾಗಿನ ಮಾಣಿಕ ಹೊರಗ ತೆಗಿಬ್ಯಾಡ್ರಿ ಅಳ್ಯಾರ. ಅದು ಹೊರಗ ಇದ್ದಾಗ ಯಾರು ಕರದ್ರೂ ‘ಓ’ ಅನಬ್ಯಾಡ್ರಿ,” ಎಂದಳು ಕಾಂತಾಬಾಯಿ.

ಮಾಣಿಕ ಗಹಗಹಿಸಿ ನಕ್ಕ. ಆ ಕಲ್ಲಿನ ಹೆಸರೇ ಅವನದೂ. ಭಾಲ್ಕಿಯವನು, ಬೀದರಿನ ಕೊಳಾರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕೊರೆಯುವ ಕೆಲಸ. ಮದುವೆಯಾದ ಮೇಲೆ ಠಾಣಾ ಕುಶನೂರಿನ ಈ ಕುರಿಗಾರರ ಮನೆಗೆ ಮೊದಲ ಸಲ ಉಳಿಯಲು ಬಂದಿದ್ದ.

“ನನ್ನ ಕರಿಯೋರರ ಯಾರದಾರ ಇಲ್ಲಿ, ಅತ್ತಿ? ನಿಮ್ಮ ಬಾಯಾಗ ಅಳ್ಯಾರ. ನಿಮ್ಮ ಮಗಳ ಬಾಯಾಗ ಬರೇ ‘ರೀ’. ನನ್ನ ಹೆಸರು ನನಗೇ ಮರತು ಹೊಂಟದ!”

ಬಾಗಿಲ ಮರೆಯಲ್ಲಿ ಸಿದ್ದೇಶ್ವರಿ ಸೆರಗನ್ನು ಬಾಯಿಗೊತ್ತಿಕೊಂಡಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆಂದು ನಂಬಿದವಳು. ಮದುವೆಯಾದಂದಿನಿಂದ ಆ ಕಲ್ಲನ್ನೂ ‘ಕೆಂಪಂದು’ ಎನ್ನುತ್ತಿದ್ದಳು.

ಕಾಂತಾಬಾಯಿ ನಗಲಿಲ್ಲ.

“ಬಾದಶಾಹರ ಕಾಲದಾಗ ಬೀದರ ಕ್ವಾಟ್ಯಾಗ ಒಬ್ಬ ಮಾಟಗಾರ ಇದ್ದ. ಎಂದೂ ಕೆಂಪು ಮಾಸದ ಹರಳು ಬೇಕಾಗಿತ್ತು ಅವಗ. ನಮ್ಮ ವಂಶದ ಅಣ್ಣ-ತಮ್ಮರನ್ನ ಹಿಡದ. ಅಣ್ಣಗ ಮದ್ದು ಹಾಕಿ, ಅವನ ಕೈಲೇ ತಮ್ಮನ ಕುತ್ತಿಗಿ ಕೊಯ್ಸಿದ. ಕತ್ತಿ ಇಳಿಯೋ ಹೊತ್ತಿನ್ಯಾಗ ತಮ್ಮ ‘ಅಣ್ಣಾ’ ಅಂದ. ರೂಢಿ ನೋಡ್ರಿ, ಅಣ್ಣ ‘ಓ’ ಅಂದುಬಿಟ್ಟ. ಆ ಓ ಜೋಡಿನೇ ಅಣ್ಣನ ಜೀವ ಕಲ್ಲಿನ್ಯಾಗ ಹೋತು. ಒಳಗ ಕುಂತು ಒಂದು ಮೈ ಹುಡುಕ್ಲಿಕತ್ತಾನ. ಮೈಲಾರನ ಭಂಡಾರ, ಆ ಅರಿಶಿನದ ಪುಡಿನೇ, ಅವನ್ನ ಮಲಗಿಸಿ ಇಟ್ಟದ.”

“ಖರೇ ಹರಳೋ, ಗಾಜಿನ ಚೂರೋ, ನೋಡೇಬಿಡ್ತೇನಿ,” ಎಂದ ಮಾಣಿಕ.

ಮಧ್ಯಾಹ್ನ ಹೆಂಗಸರು ಕುರಿಗಳಿಗೆ ನೀರು ಹಾಕಲು ಹೋದಾಗ ಅವನು ಉಣ್ಣೆಯ ಕೋಣೆಗೆ ಹೊಕ್ಕ. ಕಿಟಕಿಯಿಲ್ಲದ ಕೋಣೆ. ಹೊರಗೆ ಸುಡುಬಿಸಿಲು, ಒಳಗೆ ಕಂಬಳಿ ಮುಚ್ಚಿದಂಥ ಕತ್ತಲು. ಹಸಿ ಉಣ್ಣೆಯ, ಹಿಕ್ಕೆಯ, ಹಳೆಯ ಅರಿಶಿನದ ವಾಸನೆ ಗಂಟಲಿಗೆ ಅಡರಿತು. ಮಡಕೆಯ ಭಂಡಾರದೊಳಗೆ ಕೈ ಇಳಿಸಿದ. ಬೆರಳಿಗೆ ಬೆಚ್ಚಗಿನದೊಂದು ತಾಗಿತು. ಮೇಲೆತ್ತಿದ. ಅಂಗೈಯಲ್ಲಿ ಅದು ಹಸಿ ಗಾಯದಂತೆ ಹೊಳೆಯಿತು.

ದೊಡ್ಡಿಯಲ್ಲಿ ಕುರಿಗಳೆಲ್ಲ ಒಮ್ಮೆಗೇ ಅರಚಿದವು. ಸಿದ್ದೇಶ್ವರಿ ಓಡಿ ಬಂದಳು, ಹಿಂದೆಯೇ ಅವಳ ತಾಯಿ. ಅವನ ಕೈಯ ಕೆಂಪು ಕಂಡದ್ದೇ, ಹುಟ್ಟಿನಿಂದ ನಾಲಗೆಗೆ ಹತ್ತಿದ್ದ ಮಾತು ಚೀರಿಕೊಂಡು ಹೊರಬಿತ್ತು.

“ಅಯ್ಯೋ, ಮಾಣಿಕಾ!”

ಅವಳು ಕೂಗಿದ್ದು ಕಲ್ಲನ್ನು. ಅವನ ಕಿವಿಗೆ ಬಿದ್ದದ್ದು ತನ್ನ ಹೆಸರು. ಹೆಂಡತಿಯ ಬಾಯಲ್ಲಿ, ಮೊದಲ ಸಲ. ಎದೆ ಸಿಹಿಯಾಯಿತು.

“ಓ,” ಎಂದ, ನಗುತ್ತಾ.

ನಗು ಮುಖದಲ್ಲಿಯೇ ಉಳಿಯಿತು. ಅವನು ಉಳಿಯಲಿಲ್ಲ.

ಎಲ್ಲ ಕೆಂಪು. ಮೇಲೆ, ಕೆಳಗೆ, ಸುತ್ತ. ಕೆಂಪಿನಾಚೆ ತನ್ನದೇ ಪಾದಗಳು ಕಂಡವು. ಕಲ್ಲು ನೆಲಕ್ಕೆ ಬಿದ್ದಿತ್ತು. ಅವನು ಅದರೊಳಗಿದ್ದ. ತನ್ನದೇ ಕೈ ಗೂಟದ ಮೇಲಿನ ಉಣ್ಣೆ ಕತ್ತರಿಯನ್ನು ಎಳೆದುಕೊಂಡಿತು. ಕಾಂತಾಬಾಯಿ ಮಗಳಿಗೆ ಅಡ್ಡ ನಿಂತಳು. ಕತ್ತರಿ ಅವಳ ಹೊಟ್ಟೆಗೆ ಹೊಕ್ಕಿತು. ಹೊರಬಂತು. ಮತ್ತೆ ಹೊಕ್ಕಿತು. ಬಿಳಿ ಉಣ್ಣೆಯ ರಾಶಿ ನೆನೆದು ಕುಸಿಯಿತು. ಮಾಣಿಕ ಕೂಗಿದ. ಕೂಗು ಹುಟ್ಟಲಿಲ್ಲ.

“ಕಲ್ಲು ಒಡಿ, ಮಗಳ...” ಮುದುಕಿಯ ಬಾಯಿಂದ ರಕ್ತ ಬುಳಬುಳ ಬಂತು. “ಒಡದ್ರ ಒಳಗಿನವ, ಹೊರಗಿನವ ಇಬ್ಬರೂ ಹೋಗ್ತಾರ. ಒಡಿ.”

ಸಿದ್ದೇಶ್ವರಿ ಕಲ್ಲನ್ನು ಬಾಚಿ ಹಾಸುಬಂಡೆಯ ಮೇಲಿಟ್ಟಳು. ಗೂಟ ಬಡಿಯುವ ಗುಂಡು ಕೈಗೆ ಸಿಕ್ಕಿತು. ಎತ್ತಿದಳು. ಇಳಿಸಲಿಲ್ಲ. ಎದುರಿನ ಮುಖ ಗಂಡನದೇ.

“ಮಾಣಿಕಾ!” ಆ ಮುಖಕ್ಕೇ ಕೂಗಿದಳು, ಬೇಕೆಂದೇ; ಓ ಎಂದರೆ ಅವನು ಮತ್ತೆ ಕಲ್ಲಿಗೆ ಹೋದಾನೆಂದು. “ಓ ಅನ್ರೀ! ನಿಮ್ಮ ಕಾಲಿಗಿ ಬೀಳ್ತೇನಿ, ಓ ಅನ್ರೀ!”

ಆ ಮುಖ ತುಟಿ ಬಿಗಿಹಿಡಿದು ನಕ್ಕಿತು. ಒಮ್ಮೆ ಮೋಸಹೋದವನು, ಇನ್ನು ಬಾಯಿ ಬಿಡುವವನಲ್ಲ. ಕತ್ತರಿ ಅವಳ ಕೊರಳಿಗೆ ಬಂತು. ತಾಳಿಯ ದಾರ ತುಂಡಾಯಿತು. ಚರ್ಮ ಬಿರಿಯಿತು.

ಮಾಣಿಕ ಕಲ್ಲಿನೊಳಗೆ ಹೊರಳಾಡಿದ. ಮಾತೆಲ್ಲ ಸತ್ತಿತ್ತು. ಒಂದೇ ಒಂದು ಬದುಕಿತ್ತು.

“ಓ,” ಎಂದಿತು ಬಂಡೆಯ ಮೇಲಿನ ಕಲ್ಲು.

ಅವಳು ಕೆಳಗೆ ನೋಡಿದಳು. ಕೊರಳ ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ ಅವಳು ಕೇಳಿದಳು. ಮೆತ್ತಗೆ, ಅಪ್ಪಣೆ ಬೇಡುವಂತೆ.

“ಮಾಣಿಕಾ?”

ಅವನಿಗೆ ತಿಳಿಯಿತು. ದೇವರು ಆ ಗಳಿಗೆಯಲ್ಲಿ ಅವನಿಗೆ ಅಷ್ಟು ಧೈರ್ಯ ಕೊಟ್ಟ.

“ಓ,” ಎಂದ.

ಗುಂಡು ಇಳಿಯಿತು. ಕತ್ತರಿ ನೆಲಕ್ಕೆ ಬಿದ್ದ ಸದ್ದೇ ಅವನು ಕೇಳಿದ ಕೊನೆಯ ಸದ್ದು.