ಬಾಯಿಕಟ್ಟಿನ ಸುರುಳಿ

“ಅದು ಗುಂಯ್‌ಗುಡುತ್ತೆ. ಗುಂಯ್‌ಗುಡಲಿ, ಬಿಟ್ಟುಬಿಡಿ. ಅದನ್ನ ಸುಮ್ಮನಾಗಿಸೋಕೆ ಮಾತ್ರ ಹೋಗಬೇಡಿ,” ಎಂದಳು ಕಾಯಿಲ್ ಸುತ್ತುವ ಹೆಂಗಸು.

ಹೇಳಿದ್ದೆಲ್ಲ ಪಿಸುದನಿಯಲ್ಲಿ. ಅಂಗಡಿಯ ಒಳಕೋಣೆಯಲ್ಲಿ ಅವಳ ಗಂಡ ಫೋನಿನಲ್ಲಿ ಯಾರ ಜತೆಗೋ ಸೂರು ಹಾರಿಹೋಗುವಂತೆ ನಗುತ್ತಿದ್ದ. ಕಪಾಟಿನ ಮೇಲಿದ್ದ ಹಳೆಯ ಟ್ರಾನ್ಸ್‌ಫಾರ್ಮರನ್ನು ಅಣ್ಣ ಆಗಲೇ ಎರಡೂ ಕೈಯಲ್ಲಿ ಎತ್ತಿಕೊಂಡಾಗಿತ್ತು. ತಂಗಿಗೆಂದು ತಾನೇ ಕೂತು ಕಟ್ಟುತ್ತಿದ್ದ ಗಿಟಾರಿನ ವಾಲ್ವ್ ಆಂಪ್ಲಿಫೈಯರಿಗೆ ಅದು ಹೇಳಿ ಮಾಡಿಸಿದಂತಿತ್ತು.

“ಏನಮ್ಮಾ, ದೆವ್ವ ಗಿವ್ವ ಇದೆಯಾ ಒಳಗೆ?”

“ಬಾಯಿಕಟ್ಟು. ಸುತ್ತುವಾಗ ತಂತಿ ಜತೆ ಕೂದಲು ಸೇರಿಸಿ ಸುತ್ತಿದ್ದಾರೆ. ನಮಗೆ ಆಗದವರು ಮಾಡಿಸಿದ್ದು. ಒಡೆದು ಹಾಕೋಕೂ ಭಯ ನನಗೆ.”

“ಮಾಡಿಸಿದವರು ಮೋಸಹೋದ್ರು ಬಿಡಿ. ನಿಮ್ಮ ಯಜಮಾನ್ರ ಬಾಯಿ ಎಲ್ಲಿ ಕಟ್ಟಿದೆ!”

ಅವಳು ನಗಲಿಲ್ಲ. ಕೊಡುವುದಿಲ್ಲ ಎಂದಳು. ಅವನು ಬಿಡುವ ಪೈಕಿಯಲ್ಲ. ಅವಳು ಸೋತು ಕೈಚೆಲ್ಲುವ ತನಕ ಅಂಗಡಿಯಿಂದ ಕದಲಲಿಲ್ಲ. ಮಾಟವಂತೆ, ಅದೂ ಟ್ರಾನ್ಸ್‌ಫಾರ್ಮರಿಗಂತೆ! ಮನೆ ಮುಟ್ಟುವವರೆಗೂ ಅವನಿಗೆ ನಗುವೋ ನಗು.

ವೃತ್ತಿಯಲ್ಲಿ ಅವನು ಲಿಫ್ಟ್ ರಿಪೇರಿಯವನು, ವಾಲ್ವುಗಳ, ಅಂದರೆ ಹಳೇ ರೇಡಿಯೋದೊಳಗಿನಂಥ ಗಾಜಿನ ಬುರುಡೆಗಳ, ಹುಚ್ಚು ಹೊಸದು. ತಂಗಿ ಹಾಡುಗಾರ್ತಿ, ಗಿಟಾರ್ ಕೂಡ ಅವಳದೇ. ಅವಳದು ಮೆತ್ತನೆಯ ದನಿ. ಕೇಳಬೇಕಾದರೆ ಕೋಣೆಯಲ್ಲಿದ್ದವರೆಲ್ಲ ಬಾಯಿ ಮುಚ್ಚಬೇಕು, ಮುಚ್ಚುತ್ತಲೂ ಇದ್ದರು. ದೊಡ್ಡ ಸಭಾಂಗಣದಲ್ಲಿ ಅವಳ ಮೊದಲ ಕಾರ್ಯಕ್ರಮ ಹತ್ತಿರ ಬಂದಿತ್ತು. ಅದಕ್ಕಾಗಿಯೇ ಈ ಆಂಪ್ಲಿಫೈಯರ್ ಪೆಟ್ಟಿಗೆ ಎಂದು ಅಣ್ಣ ಎಲ್ಲರ ಹತ್ತಿರ ಹೇಳಿಕೊಂಡಿದ್ದ. ನಿಜ ಹೇಳಬೇಕೆಂದರೆ, ಜನ ತನ್ನ ಬೆನ್ನು ತಟ್ಟಲಿ ಎಂಬುದೇ ಅವನ ಆಸೆ.

ಪೆಟ್ಟಿಗೆಗೆ ಜೀವ ಬಂದ ದಿನವೇ ಗುಂಯ್‌ಗುಡುವಿಕೆ ಶುರುವಾಯಿತು. ಒಂದೇ ಸಮನೆ, ಮೇಜಿನ ಕಾಲಿನಿಂದ ನೆಲಕ್ಕೆ, ನೆಲದಿಂದ ಹಲ್ಲಿನ ಬುಡಕ್ಕೆ ಹತ್ತುವ ಸದ್ದು. ತಂಗಿಯ ಹಾಡು ಅದರಡಿ ಹೂತೇ ಹೋಯಿತು. ಅವನು ಕೆಪ್ಯಾಸಿಟರುಗಳನ್ನು ಬದಲಿಸಿದ. ಟ್ರಾನ್ಸ್‌ಫಾರ್ಮರಿನ ಕೆಳಗೆ ರಬ್ಬರ್ ಕೊಟ್ಟ, ಅದನ್ನೇ ಅಡ್ಡ ತಿರುಗಿಸಿ ಕೂರಿಸಿದ. ಕೊನೆಗೆ ಒಂದೊಂದೇ ವಾಲ್ವ್ ಕಿತ್ತು ನೋಡಿದ. ಎಲ್ಲವನ್ನೂ ಕಿತ್ತ ಮೇಲೂ ಸ್ಪೀಕರ್ ಗುಂಯ್‌ಗುಡುತ್ತಲೇ ಇತ್ತು. ವಾಲ್ವಿಲ್ಲದೆ ಸದ್ದು ಬರುವಂತಿಲ್ಲ. ಆದರೂ ಅವನು ತಲೆ ಕೆರೆದುಕೊಂಡನೇ ಹೊರತು ಹೆಂಗಸಿನ ಮಾತನ್ನು ನೆನೆಯಲಿಲ್ಲ.

“ಇರ್ಲಿ ಬಿಡೋ ಅಣ್ಣ. ಹಳೇ ಆಂಪ್ಲಿಫೈಯರಲ್ಲೇ ನುಡಿಸ್ತೀನಿ,” ಎಂದಳು ತಂಗಿ.

“ಸುಮ್ನಿರೇ. ಇನ್ನೊಂದು ಉಪಾಯ ಇದೆ.”

ವಾಲ್ವುಗಳನ್ನು ಕಾಯಿಸುವ ತಂತಿಗಳ ನಡುವೆ ಒಂದು ಪುಟ್ಟ ತಿರುಗುಗುಂಡಿ ಹಾಕುವುದುಂಟು. ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಸದ್ದು ಸದ್ದನ್ನೇ ತಿಂದು ಅಡಗುತ್ತದೆ. ಆ ಜಾಗ ಹುಡುಕಲು ಕಿವಿ ಬೇಕು. ಲಿಫ್ಟ್ ಮೋಟಾರುಗಳ ಪಕ್ಕ ಬದುಕು ಸವೆಸಿದ ಅಣ್ಣನಿಗೆ ಸಣ್ಣ ಸದ್ದುಗಳು ಕಿವಿಗೆ ಬೀಳುತ್ತಿರಲಿಲ್ಲ. ಅದಕ್ಕೇ ಅಣ್ಣ ತಂಗಿ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು: ಪೆಟ್ಟಿಗೆಯ ಸ್ವರವನ್ನು ಅವಳು ಮೇಲಿನ ಸ್ಥಾಯಿಯಲ್ಲಿ ಹಿಡಿದು ನಿಲ್ಲುವಳು, ಅವಳ ದನಿಯ ಜಾಡಿನಲ್ಲಿ ಅವನು ಸದ್ದನ್ನು ಹುಡುಕುವನು.

ಮಧ್ಯಾಹ್ನವೇ, ಅವನು ಪೆಟ್ಟಿಗೆ ಕಟ್ಟುತ್ತಿದ್ದ ಶೆಡ್ಡಿನ ಷಟರ್ ಎಳೆದರು. ಟ್ಯೂಬ್‌ಲೈಟಿನ ಗೊರಗೊರ ಬೆರೆಯಬಾರದೆಂದು ಅದನ್ನೂ ಆರಿಸಿದರು. ಹೊರಗೆ ಉರಿಬಿಸಿಲು, ಒಳಗೆ ಗವ್ವೆನ್ನುವ ಕತ್ತಲು. ವಾಲ್ವುಗಳ ಕೆಂಡದ ಬೆಳಕು ಅವಳ ಗದ್ದದ ತನಕ ಮಾತ್ರ ಬರುತ್ತಿತ್ತು. ಬಿಸಿ ಗಾಜಿನ ಮೇಲೆ ಧೂಳು ಸುಡುವ ವಾಸನೆ, ಅದರಡಿ ಇನ್ನೊಂದು ವಾಸನೆ. ಕೂದಲು ಕಮರಿದ ವಾಸನೆ.

“ಹಿಡಿ,” ಎಂದ.

ಅವಳು ಹಿಡಿದಳು. ಅವನು ಗುಂಡಿ ತಿರುಗಿಸಿದ. ಗುಂಯ್ ಎನ್ನುವುದು ತೆಳುವಾಯಿತು. ಜತೆಗೇ ಅವಳ ದನಿಯೂ ತೆಳುವಾಯಿತು.

“ಜೋರಾಗಿ ಹಿಡಿಯೇ.”

“ಹಿಡಿದಿದೀನಿ ಕಣೋ. ಗಂಟಲು ಒಂಥರಾ ಆಗ್ತಿದೆ. ಯಾರೋ ಎಳೀತಿರೋ ಹಾಗೆ.”

“ಇನ್ನೊಂಚೂರು, ಪುಟ್ಟಿ. ಸಿಕ್ಕೇಬಿಡ್ತು.”

ತಿರುಗಿಸಿದ. ಸದ್ದು ಇಳಿಯಿತು. ಅವಳ ದನಿ ಎಳೆಯಾಯಿತು. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅವನ ಅಂಗೈಯಡಿ ಬೆಚ್ಚಗೆ ಮಿಡಿಯಿತು. ಅವನು ತಲೆಯೆತ್ತಿದ. ಅವಳ ಬಾಯಿ ತೆರೆದಿತ್ತು. ಕತ್ತಿನ ನರ ಉಬ್ಬಿತ್ತು. ದನಿ ಇರಲಿಲ್ಲ. ಒಂದು ಕೈ ಗಂಟಲ ಮೇಲೆ. ಇನ್ನೊಂದು ಕೈ ಬೇಡ, ಬೇಡ ಎನ್ನುತ್ತಿತ್ತು. ಅವನು ನೋಡಿದ. ಗುಂಡಿ ಇನ್ನು ಕೂದಲೆಳೆಯಷ್ಟು ತಿರುಗಬೇಕಿತ್ತು. ಅಷ್ಟೇ ಅಷ್ಟು.

ತಿರುಗಿಸಿದ.

ಶೆಡ್ಡು ಸ್ತಬ್ಧವಾಯಿತು.

ಕತ್ತಲಲ್ಲಿ ಕಾಣಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದ. ಕಂಡಿತ್ತು. ಆ ಕೈ ಇಂದಿಗೂ ಅವನಿಗೆ ಕಾಣುತ್ತದೆ.

ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಿದೆ, ಯಾಕೆ ಮಾತು ಬರುತ್ತಿಲ್ಲವೋ ತಿಳಿಯದು ಎಂದರು. ಅಣ್ಣ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿದ. ಸದ್ದೂ ಮರಳಲಿಲ್ಲ, ತಂಗಿಯ ದನಿಯೂ ಮರಳಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಅಂಗಡಿಗೆ ಓಡಿದ.

ಕಾಯಿಲ್ ಸುತ್ತುವ ಹೆಂಗಸು ಅವನನ್ನು ಬೈಯಲಿಲ್ಲ. ಒಳಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಹತ್ತಿರ ನಿಂತಳು.

“ಮೊದಲು ಹೋಗಿದ್ದು ನಮ್ಮ ಯಜಮಾನ್ರ ದನಿ. ನಂದು ಕೊಟ್ಟು ಬಿಡಿಸಿಕೊಂಡೆ, ನನಗುಳಿದಿದ್ದು ಈ ಪಿಸುದನಿ ಅಷ್ಟೇ. ಅವರಿಗೆ ಇವತ್ತಿಗೂ ಗೊತ್ತಿಲ್ಲ, ನನಗೆ ಗಂಟಲು ಬೇನೆ ಅಂದ್ಕೊಂಡಿದ್ದಾರೆ. ವರ್ಷಗಟ್ಟಲೆ ಸುಮ್ಮನಿತ್ತು. ಈಗ ಮತ್ತೆ ಹಸಿವಾಗಿತ್ತು, ಅದಕ್ಕೇ ಗುಂಯ್‌ಗುಡ್ತಿತ್ತು.”

“ನಾನೇನು ಮಾಡ್ಲಿ ಹೇಳಿ.”

“ಕಬ್ಬಿಣದ ಮೇಲೆ ಕೈಯಿಟ್ಟು ಅದೇ ಸ್ವರ ಹಿಡೀರಿ. ನಿಮ್ಮ ದನಿ ಪೂರ್ತಿ ಹೋಗೋ ತನಕ ಕೈ ತೆಗೀಬೇಡಿ. ನಿಮ್ಮ ತಂಗಿದು ಬರುತ್ತೆ. ಇವತ್ತೇ ಮಾಡಿ. ಜೀರ್ಣ ಆಗ್ಬಿಟ್ರೆ ಯಾರಿಗೂ ವಾಪಸ್ ಇಲ್ಲ.”

ಅವನು ಮತ್ತೆ ಷಟರ್ ಎಳೆದು ಒಬ್ಬನೇ ಕೂತ. ಪೆಟ್ಟಿಗೆ ಕಾಯಿತು. ಕಮರು ವಾಸನೆ ಎದ್ದಿತು. ಕೈಯಿಟ್ಟ. ಸ್ವರ ಹಿಡಿದ. ಮೊದಲು ಗಂಟಲಲ್ಲಿ ಕಚಗುಳಿ. ಆಮೇಲೆ ಒಳಗಿಂದ ಎಳೆತ, ನಿಧಾನ, ದಾರ ಬಿಚ್ಚಿದ ಹಾಗೆ. ದನಿ ಅರ್ಧವಾಯಿತು. ಆಗ ಸ್ಪೀಕರಿನೊಳಗೆ ಯಾರೋ ಉಸಿರೆಳೆದರು.

“ಅಣ್ಣಾ...”

ಅವಳದೇ. ಬರುತ್ತಿದ್ದಳು. ಇನ್ನೊಂದು ಉಸಿರು ಸಾಕಿತ್ತು. ಅವನ ದನಿ ಕಾಲುಭಾಗವಾಯಿತು. ಎಳೆಯಾಯಿತು. ಇನ್ನು ಮುಂದೆ ಯಾರನ್ನೂ ಕೂಗಲಾರೆ. ಫೋನ್ ಎತ್ತಲಾರೆ. ಲಿಫ್ಟಿನ ಹೊಂಡದೊಳಗಿಂದ ಮೇಲಿನವರಿಗೆ ‘ನಿಲ್ಲಿಸಿ’ ಎನ್ನಲಾರೆ. ಕೈ ತಾನಾಗಿ ಹಿಂದಕ್ಕೆ ಬಂತು ಎಂದು ಅವನು ತನಗೆ ತಾನೇ ಹೇಳಿಕೊಂಡ. ತಾನಾಗಿ ಬರಲಿಲ್ಲ, ಅವನೇ ತೆಗೆದ.

ಗಂಟಲಿಗೆ ದನಿ ಮರಳಿತು. ಸ್ಪೀಕರಿನಲ್ಲಿ ಮತ್ತೆ ಏನೂ ಇಲ್ಲ.

ನಾಳೆ ಮಾಡುತ್ತೇನೆ ಎಂದುಕೊಂಡ. ಷಟರ್ ಎತ್ತಿದರೆ ಬಾಗಿಲಲ್ಲೇ ತಂಗಿ. ಏನಂತೆ ಎಂದು ಹುಬ್ಬಿನಲ್ಲೇ ಕೇಳಿದಳು.

“ಏನೂ ಮಾಡೋಕಾಗಲ್ವಂತೆ ಪುಟ್ಟಿ.”

ಪಾಪ, ಅವಳು ಅವನ ಕಣ್ಣು ತುಂಬಿದ್ದು ಕಂಡು ಅವನನ್ನೇ ತಬ್ಬಿ ಸಮಾಧಾನ ಮಾಡಿದಳು. ಮರುದಿನ ಅವನು ಕೈಯಿಟ್ಟಾಗ ಕಬ್ಬಿಣ ತಣ್ಣಗಿತ್ತು. ಎಷ್ಟು ಹೊತ್ತು ಸ್ವರ ಹಿಡಿದರೂ ಅವನ ಗಂಟಲಿಗೆ ಏನೂ ಆಗಲಿಲ್ಲ. ಅದಕ್ಕೆ ಹೊಟ್ಟೆ ತುಂಬಿತ್ತು.

ಕಾರ್ಯಕ್ರಮ ನಿಲ್ಲಿಸಲು ತಂಗಿ ಒಪ್ಪಲಿಲ್ಲ. ಗುಡುಗು ಎಂದು ಎಲ್ಲರೂ ಕರೆಯುವ, ಅವಳ ತಂಡದ ಡ್ರಮ್ಮಿನವನು ಹೇಳಿದ: “ಹಾಡೆಲ್ಲ ನಿನಗೆ ಬರುತ್ತಲ್ಲ ಮಾರಾಯ. ಅವಳ ಬದಲು ನೀನೇ ಹಾಡಿಬಿಡು.” ಅಣ್ಣ ಆಗುವುದಿಲ್ಲ ಎಂದ. ತಂಗಿ ಕೈಮುಗಿದಳು.

ವೇದಿಕೆಯ ಮೇಲೆ ಅವಳೇ ಮೈಕನ್ನು ಅವನ ಎತ್ತರಕ್ಕೆ ಏರಿಸಿಕೊಟ್ಟು, ಗಿಟಾರ್ ಹಿಡಿದು ಪಕ್ಕದಲ್ಲಿ ನಿಂತಳು. ಪೆಟ್ಟಿಗೆ ಒಂದಿಷ್ಟೂ ಗುಂಯ್ ಎನ್ನಲಿಲ್ಲ. ಅಂಥ ಮೌನವನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅವನು ಹಾಡತೊಡಗಿದ. ದನಿ ಗಟ್ಟಿಯಾಗಿ, ಚೆನ್ನಾಗಿಯೇ ಬಂತು; ಅದನ್ನು ಕೇಳಿ ಅವನಿಗೇ ಹೇಸಿಗೆಯಾಯಿತು. ನಡುವೆ ಒಂದು ಸಾಲು ಮರೆತು ತಡವರಿಸಿದ.

ತಂಗಿ ಅವನತ್ತ ತಿರುಗಿದಳು. ನುಡಿಸುತ್ತಲೇ, ಅವನಿಗೆ ಸರಿಯಾಗಿ ಕಾಣುವಂತೆ, ಆ ಸಾಲನ್ನು ತುಟಿಯಲ್ಲೇ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು. ಅವನು ಅವಳ ಬಾಯಿ ನೋಡಿಕೊಂಡು ಹಾಡಿದ.